ಒತ್ತಕ್ಷರ ಕತ್ತರಿಸುವ ಮೆನುಗಳು

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಗಾಗಿ ಮೊಬೈಲಿನಲ್ಲಿ ಕನ್ನಡ ಜಾಲತಾಣವೊಂದನ್ನು ತೆರೆದಳು ಎಂದಿಟ್ಟುಕೊಳ್ಳಿ. ಪುಟದ ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಕೊಂಡಿಗಳ ಪಟ್ಟಿಯಿದೆ. ಇದೇ ಮೆನು. ಪುಸ್ತಕಕ್ಕೆ ಪರಿವಿಡಿ ಹೇಗೋ ಜಾಲತಾಣಕ್ಕೆ ಮೆನು ಹಾಗೆ. ಆದರೆ ಇಲ್ಲಿ ಒತ್ತಕ್ಷರಗಳು ತುಂಡಾಗಿವೆ; ಬೆರಳಿಟ್ಟರೆ ಒಳಪಟ್ಟಿ ತೆರೆಯುತ್ತಿಲ್ಲ. ಅರ್ಜಿಗೆ ಅದೇ ಕೊನೆಯ ದಿನವಾಗಿದ್ದರೆ? ಇದನ್ನು ಬರಿಯ ಅಲಂಕಾರದ ವಿಷಯವೆಂದು ತಳ್ಳಿಹಾಕಲಾದೀತೆ?

ಪುಟದ ತಿರುಳನ್ನು ಎಚ್‌ಟಿಎಂಎಲ್ ಹೇಳಿದರೆ, ರೂಪವನ್ನು ಸಿಎಸ್‌ಎಸ್ ಹೇಳುತ್ತದೆ. ಸಿಎಸ್‌ಎಸ್ ಕಲ್ಪನೆಯನ್ನು 1994ರಲ್ಲಿ ಹೋಕನ್ ವಿಯಮ್ ಲೀ ಮುಂದಿಟ್ಟರು; 1996ರ ಡಿಸೆಂಬರಿನಲ್ಲಿ ಡಬ್ಲ್ಯು3ಸಿ ಅದನ್ನು ಶಿಫಾರಸು ಮಾಡಿತು. ಪಟ್ಟಿಯ ಚುಕ್ಕಿಗಳನ್ನು ತೆಗೆದು, ಕೊಂಡಿಗೆ ‘ಡಿಸ್‌ಪ್ಲೇ: ಬ್ಲಾಕ್’ ಎಂಬ ಸೂಚನೆ ಕೊಟ್ಟರೆ ಸಾಲಿನ ಯಾವ ಭಾಗವನ್ನು ಒತ್ತಿದರೂ ಕೊಂಡಿ ತೆರೆಯುತ್ತದೆ. ವಿಧಾನ ಸೊಗಸಾದದ್ದೇ. ದೋಷವಿರುವುದು ಬಳಕೆಯಲ್ಲಿ.

ಮೊದಲನೆಯದು ಎತ್ತರ. ಇಂಗ್ಲಿಷ್ ಅಕ್ಷರಗಳಿಗೆ ಹೊಂದುವ ಮಾದರಿಯನ್ನು ನಕಲು ಮಾಡಿ, ಸಾಲಿನ ಎತ್ತರ 18 ಪಿಕ್ಸೆಲ್ ಎಂದು ಬಿಗಿದು, ಹೊರಚಾಚಿದ ಭಾಗವನ್ನು ಮರೆಮಾಡಲು ಹೇಳುತ್ತಾರೆ. ‘ರಾಷ್ಟ್ರೀಯ’, ‘ಸ್ತ್ರೀ’ ಪದಗಳ ಒತ್ತುಗಳು ಕೆಳಗೆ ಇಳಿಯುತ್ತವೆಯಲ್ಲವೆ? ಅವು ಕತ್ತರಿಗೆ ಸಿಕ್ಕುತ್ತವೆ. ‘ಹೈಟ್’ ಬದಲು ‘ಮಿನ್-ಹೈಟ್’ ಬಳಸಿ, ‘ಲೈನ್-ಹೈಟ್’ ಅನ್ನು 1.6ರ ಆಸುಪಾಸಿನಲ್ಲಿಟ್ಟು ನೋಡಿ. ಅಕ್ಷರ ಹಿಗ್ಗಿದಂತೆ ಸಾಲೂ ಹಿಗ್ಗುತ್ತದೆ.

ಎರಡನೆಯದು ‘ಹೋವರ್’. ಮೌಸ್ ಮೇಲೆ ಬಂದಾಗ ಮಾತ್ರ ಒಳಪಟ್ಟಿ ತೆರೆಯುವ ಏರ್ಪಾಡಿದು. ಬೆರಳಿಗೆ ‘ಮೇಲೆ ಸುಳಿದಾಡುವ’ ಸ್ಥಿತಿಯೇ ಇಲ್ಲ! ಕೀಲಿಮಣೆಯನ್ನಷ್ಟೇ ಬಳಸುವವರಿಗೂ ಇದು ಮುಚ್ಚಿದ ಬಾಗಿಲು. ಒತ್ತಿದರೆ ತೆರೆಯುವ ಗುಂಡಿಯೊಂದು ಇರಲೇಬೇಕು.

ಮೂರನೆಯದು ಬಣ್ಣ. ಇಲ್ಲಿ ನನ್ನ ಭೌತಶಾಸ್ತ್ರಕ್ಕೂ ಕೆಲಸವಿದೆ. ಎರಡು ಬಣ್ಣಗಳ ಸಾಪೇಕ್ಷ ದೀಪ್ತಿಗೆ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ವೈದೃಶ್ಯ ಅನುಪಾತ ಸಿಗುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಇದು ಕನಿಷ್ಠ 4.5 ಇರಬೇಕೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮಗೆ ಪ್ರಿಯವಾದ ಹಳದಿಯ ಮೇಲಿನ ಕೆಂಪನ್ನೇ ತೆಗೆದುಕೊಳ್ಳಿ. ಪರದೆಯ ಶುದ್ಧ ಹಳದಿಯ ದೀಪ್ತಿ 0.928, ಕೆಂಪಿನದು 0.213. ಅನುಪಾತ ಸುಮಾರು 3.7 ಮಾತ್ರ! ಅಭಿಮಾನವೇನೋ ಸರಿ, ಆದರೆ ದೃಷ್ಟಿ ಮಂದವಾದವರು ಓದುವುದು ಹೇಗೆ? ಕೆಂಪಿನ ಬದಲು ಗಾಢ ಕಂದುಗೆಂಪನ್ನು ಬಳಸಿದರೆ ಅನುಪಾತ ಸುಮಾರು 10ಕ್ಕೆ ಏರುತ್ತದೆ.

ನಾಲ್ಕನೆಯದು ದಿಕ್ಕು. ನಮ್ಮ ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇವೆ. ಉರ್ದು ಬಲದಿಂದ ಎಡಕ್ಕೆ ಸಾಗುವ ಬರಹ. ಅದರ ಮೆನುವಿನ ಸಹಜ ಜಾಗ ಬಲಬದಿ. ‘ಮಾರ್ಜಿನ್-ಲೆಫ್ಟ್’ ಎಂದು ಬರೆದರೆ ಅಂಚು ಎಡಕ್ಕೇ ಅಂಟಿಕೊಳ್ಳುತ್ತದೆ. ‘ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್’ ಎಂದರೆ, ಪುಟದ ದಿಕ್ಕನ್ನು ಸೂಚಿಸಿದೊಡನೆ ಅಂಚು ತಾನಾಗಿ ಬದಲಾಗುತ್ತದೆ.

ಈ ನಾಲ್ಕು ದೋಷಗಳಿಗೂ ಕಾರಣ ಒಂದೇ. ಮೆನುವನ್ನು ರಚಿಸಿದವರು ತಮ್ಮ ಪರದೆಯಲ್ಲಿ, ತಮ್ಮ ಮೌಸಿನಿಂದ, ತಮ್ಮ ಕಣ್ಣಿಗೆ ಕಂಡದ್ದನ್ನೇ ಎಲ್ಲರೂ ಕಾಣುತ್ತಾರೆಂದು ಭಾವಿಸುತ್ತಾರೆ. ಒಂದೇ ಉಪಕರಣದ ಒಂದೇ ಓದನ್ನು ನಂಬಬಾರದೆಂದು ಪ್ರಯೋಗಶಾಲೆಯಲ್ಲಿ ನಾವು ಕಲಿಸುವುದಿಲ್ಲವೆ?

ಶಿಕ್ಷಕರೇ, ನಿಮ್ಮ ಶಾಲೆಯ ಜಾಲತಾಣವನ್ನು ವಿದ್ಯಾರ್ಥಿಗಳಿಂದಲೇ ಪರೀಕ್ಷೆ ಮಾಡಿಸಿ. ಅಕ್ಷರಗಳನ್ನು ಎರಡು ಪಟ್ಟು ಹಿಗ್ಗಿಸಲಿ, ಟ್ಯಾಬ್ ಕೀಲಿಯಿಂದಷ್ಟೇ ಸಾಗಲಿ, ಮೊಬೈಲನ್ನು ಬಿಸಿಲಿನಲ್ಲಿ ಹಿಡಿದು ಓದಲಿ. ತಪ್ಪು ಕಂಡರೆ ಬರೆದು ತಿಳಿಸಲಿ. ಹೆಚ್ಚಿನವು ನಾಲ್ಕು ಸಾಲು ತಿದ್ದಿದರೆ ಸರಿಹೋಗುವ ತಪ್ಪುಗಳು.