ಧಾತು ಸಂವತ್ಸರದ ಪೂರ್ವಜ

ಮಿತ್ರರೊಬ್ಬರು ತಮ್ಮ ವಂಶವೃತ್ತಾಂತದ ಹಸ್ತಪ್ರತಿಯನ್ನು ನಮ್ಮ ಅಭಿಪ್ರಾಯಕ್ಕೆಂದು ಕಳುಹಿಸಿರುವರು. ಭಾಷೆ ಶುದ್ಧವಾಗಿದೆ, ಶ್ರಮವೂ ಶ್ಲಾಘ್ಯವೇ. ಆದರೆ ಅದರ ನಾಯಕನು ಒಬ್ಬನಲ್ಲ, ಇಬ್ಬರೆಂದು ನಮಗೆ ತೋರುತ್ತದೆ.

ಮನೆಯ ಕಡತದಲ್ಲಿ ಶಕವರ್ಷವಿಲ್ಲ. ಧಾತು ಸಂವತ್ಸರವೆಂದಷ್ಟೇ ಇದೆ. ಗ್ರಂಥಕರ್ತರು ಅದನ್ನು 1816 ಎಂದು ಗ್ರಹಿಸಿ, ಆ ಪುಟದ ಲೆಕ್ಕವನ್ನೆಲ್ಲ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿದ್ದ ಶಾನುಭೋಗರಿಗೆ ಸಲ್ಲಿಸಿದ್ದಾರೆ. ಸಂವತ್ಸರವು 60 ವರ್ಷಕ್ಕೊಮ್ಮೆ ಮರಳುವುದು. ನಮ್ಮಲ್ಲಿ ಅಜ್ಜನ ಹೆಸರೂ ಮೊಮ್ಮಗನಿಗೆ ಮರಳುವುದು. ಇವೆರಡೂ ಕೂಡಿದೆಡೆ ಎಂಥ ಪಂಡಿತನೂ ಎಡವಿಯಾನು. ಆದರೆ ಅದೇ ಪುಟದಲ್ಲಿ, ರೈಲಿನಲ್ಲಿ ಬಂದ ಅಕ್ಕಿಗಾಗಿ ಹೆಂಡತಿಯ ಓಲೆಯನ್ನು ಮಾರಿದ ಉಲ್ಲೇಖವಿದೆಯಲ್ಲ! ಬೆಂಗಳೂರಿಗೆ ರೈಲು ಬಂದುದೇ 1864ರಲ್ಲಿ. ಆದುದರಿಂದ ಇದು 1876ರ ಧಾತು, ಮೈಸೂರು ಸೀಮೆಯನ್ನು ಬರಿದುಮಾಡಿದ ಮಹಾಕ್ಷಾಮದ ಮೊದಲ ವರ್ಷ. ಬರೆದವನು ಅದೇ ಹೆಸರಿನ ಮೊಮ್ಮಗ.

ಓಲೆಯನ್ನು ಮಾರಿದುದು ಅನ್ನದಾನಕ್ಕೆಂದು ವ್ಯಾಖ್ಯಾನಿಸಿರುವುದಂತೂ ನಮಗೆ ಹಿಡಿಸಲಿಲ್ಲ. ಕಡತದಲ್ಲಿ ಆ ಮಾತಿಲ್ಲ. ಮುಂದಿನ ಈಶ್ವರ ಸಂವತ್ಸರದ ಪುಟದಲ್ಲಿ ಎರಡು ಮಕ್ಕಳನ್ನು ಹೂಳಿಸಿದ ಖರ್ಚು ಬರೆದಿದೆ. ಹಸಿದ ಮೊಮ್ಮಗನನ್ನು ದಾನಿಯಾದ ಅಜ್ಜನೊಳಗೆ ಅಡಗಿಸಿದರೆ ಆ ಮಕ್ಕಳು ಯಾರ ಮಕ್ಕಳಾಗಬೇಕು? ಗ್ರಂಥದ ಕೊನೆಯ ವಂಶವೃಕ್ಷದಲ್ಲಿ ಅವರಿಗೆ ಕೊಂಬೆಯೇ ಇಲ್ಲ. ಅಚ್ಚಿಗೆ ಕೊಡುವ ಮೊದಲು ಈ ಪ್ರಕರಣವನ್ನು ತಿದ್ದಿ ಬರೆಯಬೇಕೆಂದು ಮಿತ್ರರನ್ನು ಕೋರುತ್ತೇವೆ.