ಯಾರ್ಕ್ ಪಟ್ಟಣದಲ್ಲಿ ಹಾಥಾರ್ನ್ ದಂಪತಿಗಳು

ಅಮೆರಿಕದ ಕಥಾಕಾರನಾದ ನಥಾನಿಯಲ್ ಹಾಥಾರ್ನನು ಕ್ರಿ. ಶ. 1853ರಿಂದ 1857ರವರೆಗೆ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ತನ್ನ ದೇಶದ ಕಾನ್ಸಲ್ ಅಧಿಕಾರಿಯಾಗಿದ್ದನು. 1857ನೆಯ ಇಸವಿಯ ಈಸ್ಟರ್ ಹಬ್ಬದ ಸಮಯದಲ್ಲಿ ಅವನೂ ಅವನ ಪತ್ನಿ ಸೋಫಿಯಾ ಎಂಬಾಕೆಯೂ ಮಗನಾದ ಜೂಲಿಯನ್ನನನ್ನು ಕರೆದುಕೊಂಡು, ತಾವು ವಾಸವಾಗಿದ್ದ ಸೌತ್‌ಪೋರ್ಟ್ ಎಂಬ ಕಡಲತೀರದ ಊರಿನಿಂದ ರೈಲುಬಂಡಿಯಲ್ಲಿ ಹೊರಟು, ಸ್ಕಿಪ್ಟನ್ನಿನ ಮಾರ್ಗವಾಗಿ ಯಾರ್ಕ್ ಪಟ್ಟಣವನ್ನು ಸೇರಿದರು. ಆ ಯಾತ್ರೆಯನ್ನು ಗಂಡನೂ ಬರೆದಿಟ್ಟನು, ಹೆಂಡತಿಯೂ ಬರೆದಿಟ್ಟಳು. ಒಂದೇ ಬಂಡಿಯಲ್ಲಿ ಹೋಗಿ ಒಂದೇ ಊರನ್ನು ಕಂಡ ದಂಪತಿಗಳಿಬ್ಬರ ಬರವಣಿಗೆಯೂ ಉಳಿದು ಬಂದಿರುವುದು ಸಾಹಿತ್ಯದಲ್ಲಿ ವಿರಳವೇ ಸರಿ. ಗಂಡನ ಬರಹವನ್ನು ಓದಿದವರು ಅನೇಕರು. ಹೆಂಡತಿಯದನ್ನು ಕೇಳಿಬಲ್ಲವರೇ ಕಡಮೆ. ಈ ತಾರತಮ್ಯವು ಗುಣದಿಂದ ಬಂದುದೋ ಅಥವಾ ಬೇರೊಂದು ಕಾರಣದಿಂದಲೋ ಎಂಬುದು ವಿಚಾರಣೀಯ.

ಯಾರ್ಕ್ ಸಾಮಾನ್ಯವಾದ ಊರಲ್ಲ. ರೋಮನರು ಅದನ್ನು ಎಬೊರಾಕಮ್ ಎಂದು ಕರೆದರು. ಕಾನ್‌ಸ್ಟಂಟೈನನನ್ನು ಸೈನ್ಯವು ಚಕ್ರವರ್ತಿಯೆಂದು ಘೋಷಿಸಿದುದು 306ರಲ್ಲಿ ಅಲ್ಲಿಯೇ. ಹಾಥಾರ್ನ್ ದಂಪತಿಗಳು ಹೋದ ಕಾಲದಲ್ಲಿ ರೈಲುನಿಲ್ದಾಣವು ಕೋಟೆಯ ಒಳಗಡೆಯೇ ಇದ್ದಿತು. ಹಳೆಯ ಗೋಡೆಯಲ್ಲಿ ಕಮಾನು ಕೊರೆದು ಬಂಡಿಗೆ ದಾರಿ ಮಾಡಿದ್ದರು. ಈಗಿನ ನಿಲ್ದಾಣವನ್ನು ಗೋಡೆಯ ಹೊರಗೆ ತೆರೆದುದು 1877ರಲ್ಲಿ. ಮಿನ್‌ಸ್ಟರ್ ಎಂಬ ಅಲ್ಲಿನ ಮಹಾ ಇಗರ್ಜಿಯ ಕೆಲಸ 1220ರ ಸುಮಾರಿಗೆ ಮೊದಲಾಗಿ 1472ರವರೆಗೆ ನಡೆಯಿತು. ಅದರ ಪೂರ್ವದಿಕ್ಕಿನ ಬಣ್ಣಗಾಜಿನ ದೊಡ್ಡ ಕಿಟಕಿಯನ್ನು ಜಾನ್ ಥಾರ್ನ್‌ಟನ್ ಎಂಬ ಶಿಲ್ಪಿ 1405ರಿಂದ 1408ರೊಳಗೆ ಮುಗಿಸಿದನು.

ಈ ಮಂದಿರದ ವಿಷಯದಲ್ಲಿ ಹಾಥಾರ್ನನ ದಿನಚರಿಯು ಎರಡು ನಾಲಿಗೆಗಳಿಂದ ಮಾತನಾಡುತ್ತದೆ. ಒಂದು ಕಡೆ, ಇದು ಮನುಷ್ಯರ ಕೈಗೆಲಸವಲ್ಲವೆಂಬಂತೆ ತೋರುತ್ತದೆ, ಇದನ್ನು ಮತ್ತೊಮ್ಮೆ ಕಾಣುವ ಭಾಗ್ಯಕ್ಕಾಗಿ ದೇವರಿಗೆ ಕೃತಜ್ಞನು ಎಂದು ಕೈಮುಗಿಯುವನು. ಇನ್ನೊಂದು ಕಡೆ ಈಸ್ಟರಿನ ಆರಾಧನೆಗೆ ಕುಳಿತವನು ಬೇಸತ್ತು, ಇದೆಲ್ಲ ಬರಿಯ ವೇಷವೆಂದೂ, ಇದನ್ನು ಸಹಿಸಲಾರದೆ ಹೋದ ತನ್ನ ಪ್ಯೂರಿಟನ್ ಪೂರ್ವಿಕರ ತಪ್ಪೇನೂ ಇಲ್ಲವೆಂದೂ ಸಿಡುಕುವನು. ಇಪ್ಪತ್ತು ನಿಮಿಷದ ಧರ್ಮೋಪದೇಶವು ಅವನಿಗೆ ಒಣ ಹುಲ್ಲಾಯಿತು. ಪೂರ್ವಿಕರ ಒಂದೂವರೆ ಗಂಟೆಯ ಉಪದೇಶವೇ ಲೇಸೆನಿಸಿತು. ಹಾಥಾರ್ನನ ವಂಶದ ಹಿರಿಯನೊಬ್ಬನು 1692ರಲ್ಲಿ ಸೇಲಮ್ ಊರಿನ ಮಾಟಗಾತಿಯರೆಂಬ ಅಪವಾದದ ವಿಚಾರಣೆಯಲ್ಲಿ ನ್ಯಾಯಾಧೀಶನಾಗಿದ್ದನೆಂಬುದನ್ನು ಬಲ್ಲವರಿಗೆ ಈ ಸಿಡುಕು ಎಲ್ಲಿಂದ ಬಂದಿತೆಂದು ಹೇಳಬೇಕಾಗಿಲ್ಲ. ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿದ ಅಭಿನವಗುಪ್ತಪಾದರು, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನೂ ಅವುಗಳಲ್ಲಿ ಒಂದೆಂದು ಹೇಳಿರುವರು. ಇಲ್ಲಿ ಆ ವಿಘ್ನವು ಕುಲಕ್ರಮದಿಂದ ಬಂದಿದೆ. ರಸಕ್ಕೆ ನೆರವಾಗಬೇಕಾದ ವಾಸನೆಯೇ ಅಡ್ಡಗೋಡೆಯಾಗಿ ನಿಂತಿದೆ. ಆದರೂ ಎರಡು ಭಾವಗಳನ್ನೂ ಮುಚ್ಚಿಡದೆ ಬರೆದುದು ಅವನ ಪ್ರಾಮಾಣಿಕತೆ. ಮನಸ್ಸಿನ ಕಲಹವನ್ನು ತೋರಿಸುವುದರಲ್ಲಿ ಅವನಿಗೆ ಸಮಾನರು ಕೆಲವರೇ.

ಸೋಫಿಯಾ ಚಿತ್ರಕಲೆಯನ್ನು ಅಭ್ಯಾಸಮಾಡಿದವಳು. ಆಕೆಯ ಬರವಣಿಗೆಯಲ್ಲಿ ಕಲಹವಿಲ್ಲ, ಕಣ್ಣಿದೆ. ಗಂಡನು ಮಂದಿರದ ಮುಂದೆ ನಿಂತು ತನ್ನನ್ನು ತಾನು ನೋಡಿಕೊಳ್ಳುವನು. ಆಕೆ ಮಂದಿರವನ್ನು ನೋಡುವಳು. ದೋಷವೂ ಇಲ್ಲದಿಲ್ಲ. ಹೊಗಳಿಕೆಯ ಮೇಲೆ ಹೊಗಳಿಕೆಯನ್ನು ಪೇರಿಸುವುದರಿಂದ ಓದುವವನಿಗೆ ಉಸಿರು ಕಟ್ಟುವುದುಂಟು; ಎಲ್ಲವೂ ದಿವ್ಯವಾದರೆ ಯಾವುದು ದಿವ್ಯ? ವಿವೇಚನೆಯಲ್ಲಿ ಗಂಡನದೇ ಮೇಲುಗೈ. ಆದರೆ ಯಾರ್ಕನ್ನು ಕಾಣದ ವಾಚಕನಿಗೆ ಯಾರ್ಕನ್ನು ಕಾಣಿಸಬೇಕೆಂದರೆ ಹೆಂಡತಿಯ ಪುಟಗಳೇ ಬೇಕು.

ಇದು ಹಾಥಾರ್ನನಿಗೂ ತಿಳಿದಿದ್ದಿತು. ಆ ವರ್ಷವೇ ಜೂನ್ ತಿಂಗಳಲ್ಲಿ ಅವನು ತನ್ನ ಪ್ರಕಾಶಕನಾದ ಟಿಕ್‌ನರನಿಗೆ ಬರೆದ ಪತ್ರದಲ್ಲಿ, ಯಾತ್ರೆಯನ್ನು ವರ್ಣಿಸುವುದರಲ್ಲಿ ಪತ್ನಿಯು ತನ್ನನ್ನು ಮೀರಿಸಿದವಳೆಂದು ಒಪ್ಪಿಕೊಂಡಿದ್ದಾನೆ. ಕೂಡಲೇ, ಅದು ಅಚ್ಚಾಗುವಂತಿಲ್ಲ, ಲೇಖಕಿಯರ ಪಟ್ಟಿಯಲ್ಲಿ ಆಕೆಯ ಹೆಸರು ಕಾಣುವುದು ತಮ್ಮಿಬ್ಬರಿಗೂ ಇಷ್ಟವಿಲ್ಲ ಎಂದೂ ಸೇರಿಸಿದ್ದಾನೆ. ಮೆಚ್ಚಿಕೆ ಮನೆಯೊಳಗೆ, ಬೀಗ ಬಾಗಿಲಿಗೆ! ಸಾವಿರ ವರ್ಷಗಳಿಗೂ ಹಿಂದಿನ ನಮ್ಮ ರಾಜಶೇಖರನು ಕಾವ್ಯಮೀಮಾಂಸೆಯನ್ನು ಬರೆಯುವಾಗ, ಹೆಂಡತಿ ಅವಂತಿಸುಂದರಿಯ ಮತವನ್ನು ಇತರ ಆಚಾರ್ಯರ ಮತಗಳ ಸಾಲಿನಲ್ಲಿಯೇ ಹೆಸರು ಹೇಳಿ ಉದಾಹರಿಸಿದನು. ಶಾಸ್ತ್ರದ ಗೌರವಕ್ಕೆ ಅದರಿಂದ ಕುಂದೇನೂ ಬರಲಿಲ್ಲ. ‘ತಮ್ಮಿಬ್ಬರಿಗೂ’ ಎಂದು ಹಾಥಾರ್ನನು ಹೇಳಿದುದರಲ್ಲಿ ಸೋಫಿಯಾಳ ಪಾಲು ಎಷ್ಟು ಎಂಬ ಪ್ರಶ್ನೆ ಏಳದಿರದು. ಆಕೆಯೂ ಮನಃಪೂರ್ವಕವಾಗಿಯೇ ಹಿಂಜರಿದಿರಬಹುದು. ಮುಂದೆ ತನ್ನ ಗ್ರಂಥದ ಮುನ್ನುಡಿಯಲ್ಲಿ, ಇವು ಅಚ್ಚಿಗಾಗಿ ಬರೆದುವಲ್ಲ, ಮಿತ್ರರ ಒತ್ತಾಯಕ್ಕೆ ಬಹುಕಾಲ ಮಣಿಯದೆ ಈಗ ಒಲ್ಲದ ಮನಸ್ಸಿನಿಂದ ಒಪ್ಪಿದುದು ಎಂದೇ ಆಕೆ ಹೇಳಿರುವಳು. ಆದರೆ ಹನ್ನೆರಡು ವರ್ಷ ಆ ಹಾಳೆಗಳನ್ನು ಜೋಪಾನವಾಗಿ ಕಾಪಾಡಿದವಳೂ ಆಕೆಯೇ.

ಹಾಥಾರ್ನನು 1864ರಲ್ಲಿ ತೀರಿಕೊಂಡನು. ಕೈಯಲ್ಲಿ ಹಣವಿಲ್ಲ, ಮಕ್ಕಳು ಮೂವರು. ವಿಧವೆಯು 1868ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಸಂಸಾರವನ್ನು ಸಾಗಿಸಿದಳು. ಇಂಗ್ಲೆಂಡು ಮತ್ತು ಇಟಲಿಗಳ ಆಕೆಯ ಟಿಪ್ಪಣಿಗಳು ಗ್ರಂಥವಾಗಿ ಹೊರಬಿದ್ದುದು 1869ರಲ್ಲಿ. ಮರುವರ್ಷ ಗಂಡನ ಇಂಗ್ಲೆಂಡಿನ ದಿನಚರಿಯ ಭಾಗಗಳನ್ನೂ ಆಕೆಯೇ ಪರಿಷ್ಕರಿಸಿ ಪ್ರಕಟಿಸಿದಳು. ಅವನು ತಾನಾಗಿ ಅಚ್ಚುಹಾಕಿಸಿದ 1863ರ ಇಂಗ್ಲೆಂಡಿನ ಪ್ರಬಂಧಗಳಲ್ಲಿ ಯಾರ್ಕಿನ ಅಧ್ಯಾಯವೇ ಇಲ್ಲ. ಆದುದರಿಂದ ಆ ಪಟ್ಟಣದ ವಿಷಯವಾಗಿ ಅವನು ಬರೆದುದು ಲೋಕಕ್ಕೆ ದೊರೆತುದೂ ಹೆಂಡತಿಯ ಕೈಯಿಂದಲೇ. ಪರಿಷ್ಕರಣದಲ್ಲಿ ಒರಟೆನಿಸಿದ ಪದಗಳನ್ನೂ ಮನೆಯ ಸಂಗತಿಗಳನ್ನೂ ಆಕೆ ಹೊಡೆದುಹಾಕಿದಳು. ರ್‍ಯಾಂಡಲ್ ಸ್ಟೂಅರ್ಟ್ ಎಂಬ ಪಂಡಿತನು 1941ರಲ್ಲಿ ಮೂಲಪಾಠವನ್ನು ಪ್ರಕಟಿಸಿದಾಗ ಇದಕ್ಕಾಗಿ ಆಕೆಗೆ ಸಾಕಷ್ಟು ಅಪಕೀರ್ತಿಯೂ ಬಂದಿತು. ಅದು ನ್ಯಾಯವಾದ ದೂರೇ. ಆದರೆ ತಾನು ಭಕ್ತಿಯಿಂದ ಕಂಡ ಮಂದಿರದ ಆರಾಧನೆಯನ್ನು ಕುರಿತು ಗಂಡನಾಡಿದ ಕಟುವಾದ ಮಾತನ್ನು ಆಕೆ ಅಳಿಸದೆ ಬಿಟ್ಟುದನ್ನೂ ಎಣಿಸಬೇಕಾಗಿದೆ.

ಸೋಫಿಯಾ 1871ರಲ್ಲಿ ಲಂಡನ್ನಿನಲ್ಲಿ ಕಾಲವಾದಳು. ಆಕೆಯ ಗ್ರಂಥದ ಮುಖಪತ್ರದ ಮೇಲೆ ಕರ್ತೃವಿನ ಸ್ಥಾನದಲ್ಲಿ ಅಚ್ಚಾಗಿರುವುದು ‘ಶ್ರೀಮತಿ ಹಾಥಾರ್ನ್’ ಎಂದಷ್ಟೆ. ಸೋಫಿಯಾ ಎಂಬ ಹೆಸರು ಅಲ್ಲಿಲ್ಲ.