ಕುಮಟಗಿ: ನೀರಿಲ್ಲದ ಜಲಮಹಲು

ಕುಮಟಗಿಗೆ ಹೋದವರು ಮೊದಲು ಕತ್ತೆತ್ತಿ ನೋಡಬೇಕು. ಎದುರಿಗೆ ಕಾಣುವ ಕಮಾನುಗಳಲ್ಲಿ ಅಂಥ ವಿಶೇಷವೇನಿಲ್ಲ. ವಿಜಯಪುರದ ಯಾವ ಓಣಿ ಹೊಕ್ಕರೂ ಅವಕ್ಕಿಂತ ಚೆಂದದ ಕಮಾನು ಸಿಗುತ್ತವೆ. ಈ ಕಟ್ಟಡದ ಜೀವ ಇರುವುದು ಮಾಡಿನ ಗಾರೆಯ ನಡುವಿನ ತೂತುಗಳಲ್ಲಿ. ಮೊದಲ ಸಲ ಹೋದಾಗ ಅವನ್ನು ಯಾವುದೋ ಹಕ್ಕಿಯ ಗೂಡೆಂದುಕೊಂಡಿದ್ದೆ. ಜೊತೆಗಿದ್ದ ಕಾವಲುಗಾರ ನಕ್ಕು, “ಅಲ್ಲಿಂದ ಮಳಿ ಬರತಿತ್ತರಿ ಸರ” ಎಂದ. ಹೊರಗೆ ಸುಡುಬಿಸಿಲು, ಒಳಗೆ ಚಾವಣಿಯಿಂದ ಮಳೆ. ಆದಿಲಶಾಹಿ ದೊರೆಗಳು ಇಲ್ಲಿಗೆ ಬರುತ್ತಿದ್ದದ್ದು ಆ ಮಳೆಗಾಗಿ.

ವಿಜಯಪುರದಿಂದ ಪೂರ್ವಕ್ಕೆ ಸುಮಾರು 20 ಕಿ.ಮೀ. ದೂರದ ಹಳ್ಳಿ ಇದು. ಎರೆಹೊಲ, ಬಿಳಿಜೋಳ, ತೊಗರಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ ಪುಣ್ಯ ಎನ್ನುವ ಸೀಮೆ. ಅಂಥ ಕಡೆ ಒಂದು ಕೆರೆ, ಕೆರೆಯ ಬದಿಗೆ ಒಂದಷ್ಟು ವಿಹಾರ ಮಂಟಪಗಳು, ಕೊಳದ ನಡುವೆ ಎರಡಂತಸ್ತಿನ ಪುಟ್ಟ ಜಲಮಂಟಪ. ಇಷ್ಟೇ ಆಸ್ತಿ. ಗೋಳಗುಮ್ಮಟ ನೋಡಿ ನೇರ ಇಲ್ಲಿಗೆ ಬಂದವರಿಗೆ “ಇದೇನಾ” ಅನ್ನಿಸುತ್ತದೆ. ಅನ್ನಿಸಲಿ. ಗೋಳಗುಮ್ಮಟ ಕಟ್ಟಿದವರ ಲಕ್ಷ್ಯವೆಲ್ಲ ನೋಡುವವನನ್ನು ಇರುವೆಯಷ್ಟು ಮಾಡುವುದರಲ್ಲಿತ್ತು. ಕುಮಟಗಿಯಲ್ಲಿ ಎಲ್ಲವೂ ಮನುಷ್ಯನ ಮೈಯಳತೆಯಲ್ಲೇ ಇದೆ: ಕೈ ಚಾಚಿದರೆ ಕಂಬ, ಕುಳಿತರೆ ಕೊಳ. ಸಾಮ್ರಾಜ್ಯದ ಠೀವಿಯನ್ನು ಊರಲ್ಲಿ ಬಿಟ್ಟು, ಅಂಗರಖಾ ಸಡಿಲಿಸಿ ಕೂತುಕೊಳ್ಳುವ ಜಾಗ ಇದು.

ಇಲ್ಲಿನ ನೀರಿನ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದರ ಶಿಲ್ಪ ಇರುವುದು ಅದರಲ್ಲೇ. ಕೆರೆಯ ನೀರನ್ನು ಎತ್ತಿ ಎತ್ತರದ ಗೋಪುರದಂಥ ತೊಟ್ಟಿಗೆ ತುಂಬುವುದು. ಅಲ್ಲಿಂದ ಅದು ಗೋಡೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ಇಳಿದು, ಮಂಟಪಕ್ಕೆ ಬಂದು, ಇಳಿದ ರಭಸದಲ್ಲೇ ಮತ್ತೆ ಮೇಲೇರಿ ಚಾವಣಿಯ ತೂತುಗಳಿಂದ ಸುರಿಯುವುದು, ಕಾರಂಜಿಯಾಗಿ ಚಿಮ್ಮುವುದು, ಕೊನೆಗೆ ಕೊಳ ಸೇರುವುದು. ಎತ್ತರದ ತೊಟ್ಟಿಯ ನೀರು ತನ್ನ ಮಟ್ಟವನ್ನು ಹುಡುಕಿಕೊಂಡು ಹೋಗುತ್ತದೆ ಎಂಬ, ಇಂದು ಏಳನೇ ತರಗತಿಯ ಹುಡುಗನಿಗೂ ಗೊತ್ತಿರುವ ಸಂಗತಿ. ಆದರೆ ಅದನ್ನು ಸುಣ್ಣದ ಗಾರೆಯಲ್ಲಿ, ಸೋರದಂತೆ, ಎಲ್ಲ ತೂತುಗಳಿಂದಲೂ ಹೆಚ್ಚುಕಡಿಮೆ ಸಮನಾಗಿ ಬೀಳುವಂತೆ ಮಾಡುವುದಿದೆಯಲ್ಲ, ಅದು ವಿದ್ಯೆಗಿಂತ ಹೆಚ್ಚಾಗಿ ಕೈಪಳಗಿಕೆ. ಒಂದು ತೂತು ತುಸು ಅಗಲವಾದರೆ ಪಕ್ಕದ್ದು ಒಣಗುತ್ತದೆ. ಗಾರೆ ಕೆಲಸದವನ ಬೆರಳು ಎಲ್ಲೋ ಒಂದು ಕಡೆ ಬೇಸಾಯಗಾರನ ಬೆರಳಿನಂತೆ, ಎಲ್ಲಿ ಬದುವಿಗೆ ಬಾಯಿ ತೆಗೆದರೆ ನೀರು ಎಷ್ಟು ಹೋದೀತು ಎಂಬ ಅಂದಾಜಿನಲ್ಲಿ ಕೆಲಸ ಮಾಡಿದೆ.

ಇದು ಒಬ್ಬ ರಸಿಕನ ತಲೆಯಲ್ಲಿ ಹುಟ್ಟಿದ ಹುಚ್ಚೂ ಅಲ್ಲ. ವಿಜಯಪುರ ನಗರ ನಿಂತದ್ದೇ ಇಂಥ ನೀರಿನ ಮೇಲೆ. ಪಶ್ಚಿಮದ ತೊರವಿಯಿಂದ ಸುರಂಗದಲ್ಲಿ ನೀರು ಬರುತ್ತಿತ್ತು. ಮುಹಮ್ಮದ ಆದಿಲಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು. ದಾರಿಯಲ್ಲಿ ಒತ್ತಡ ತಗ್ಗಿಸಲು, ಹೂಳು ತಳಕ್ಕೆ ಕೂರಲು ಅಲ್ಲಲ್ಲಿ ಗಂಜ್ ಎಂಬ ಗೋಪುರಗಳು. ಇಂದಿಗೂ ಓಣಿಗಳ ನಡುವೆ ಆ ಗಂಜ್‌ಗಳು ಪೋಸ್ಟರ್ ಅಂಟಿಸಿಕೊಂಡು ನಿಂತಿವೆ. ನಗರದ ಬಾಯಾರಿಕೆ ತಣಿಸಿದ ತಂತ್ರವನ್ನೇ ಕುಮಟಗಿ ಸುಖಕ್ಕೆ ಒಗ್ಗಿಸಿತು. ಊರೊಳಗಿನ ಸಾತ್ ಮಂಜಿಲ್ ಎದುರಿಗೂ ಇದೇ ಕುಲದ ಒಂದು ಜಲಮಂಟಪವಿದೆ. ಒಂದು ಕಾಲಕ್ಕೆ ಅದರ ಸುತ್ತ ಕೊಳವಿತ್ತು, ಈಗ ರಸ್ತೆಯ ಪಕ್ಕ ಸುಮ್ಮನೆ ನಿಂತಿದೆ. ಅದನ್ನು ಕೆತ್ತನೆಗಾಗಿ ಹೊಗಳುವವರಿದ್ದಾರೆ, ನ್ಯಾಯವೇ. ಆದರೆ ಎರಡನ್ನೂ ನೋಡಿದ ಮೇಲೆ ನನ್ನ ಓಟು ಕುಮಟಗಿಗೆ. ಊರಿನದು ಒಡವೆ, ಇದು ವಾದ್ಯ.

ವಾದ್ಯ ಎಂದದ್ದು ಅಲಂಕಾರಕ್ಕಲ್ಲ. ಕೂತು ಕಿವಿಗೊಟ್ಟರೆ ತಿಳಿಯುತ್ತದೆ. ಮಂಟಪದೊಳಗೆ ಒಂದು ಚಪ್ಪಾಳೆ ತಟ್ಟಿದರೆ ಸದ್ದು ಕಮಾನಿನಿಂದ ಕಮಾನಿಗೆ ಹೊರಳಿ ತಲೆಯ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿ ನೂರಾರು ಎಳೆ ನೀರು ಒಟ್ಟಿಗೆ ಕೊಳದ ನೀರಿನ ಮೇಲೆ ಬೀಳುತ್ತಿದ್ದರೆ ಆ ಸದ್ದು ಹೇಗಿದ್ದೀತು? ಮಾತು ಅಡಗುವಷ್ಟು ಜೋರೋ, ಪಿಸುಮಾತಿಗೆ ಮರೆಯಾಗುವಷ್ಟು ಮೆತ್ತಗೋ? ರಾಜಕಾರಣ ಮಾತಾಡುವವರಿಗೆ ಎರಡೂ ಅನುಕೂಲವೇ. ಪುರಾತತ್ವದವರ ಫಲಕದಲ್ಲಿ ಈ ಸದ್ದಿನ ಬಗ್ಗೆ ಒಂದಕ್ಷರವಿಲ್ಲದಿರುವುದೇ ನನ್ನ ಮೊದಲ ತಕರಾರು.

ಎರಡನೆಯದು ಚಿತ್ರಗಳದ್ದು. ಪಕ್ಕದ ಮಂಟಪವೊಂದರ ಗೋಡೆಗೂಡುಗಳಲ್ಲಿ ಭಿತ್ತಿಚಿತ್ರಗಳಿವೆ. ಇವೆ ಅನ್ನುವುದಕ್ಕಿಂತ ಇದ್ದವು ಅನ್ನುವುದೇ ಸರಿಯೇನೋ. ಕುದುರೆ ಏರಿ ಚೌಗಾನ್ ಆಡುವವರು, ಅಂದರೆ ಇಂದಿನ ಪೋಲೊ. ಒಬ್ಬರನ್ನೊಬ್ಬರು ಹಿಡಿದ ಕುಸ್ತಿಯವರು. ಕುದುರೆಯ ಕತ್ತಿನ ಬಾಗು ಈಗಲೂ ಕಣ್ಣಿಗೆ ಸಿಗುತ್ತದೆ, ಸವಾರನ ಮುಖ ಸಿಗುವುದಿಲ್ಲ. ಅದರ ಮೇಲೆ ಯಾರೋ ಮೊಳೆಯಿಂದ ತಮ್ಮ ಹೆಸರನ್ನೂ ತಮ್ಮ ಹುಡುಗಿಯ ಹೆಸರನ್ನೂ ಕೊರೆದಿದ್ದಾರೆ. ಕಲೆಯೆಂದು ನೋಡಿದರೆ ಇವು ಬಿಜಾಪುರ ಶೈಲಿಯ ಕಿರುಚಿತ್ರಗಳ ಮಟ್ಟಕ್ಕೆ ಏರುವುದಿಲ್ಲ ಎಂದೇ ನನ್ನ ಅನಿಸಿಕೆ. ಆ ಹಾಳೆಗಳಲ್ಲಿ ಕೂದಲೆಳೆಯ ಗೆರೆ, ದೊರೆ ಎರಡನೇ ಇಬ್ರಾಹಿಮನ ರೇಷ್ಮೆಯ ನೆರಿಗೆ, ಬಂಗಾರದ ಹೊಳಪು ಎಲ್ಲ ಇವೆ. ಇಲ್ಲಿನವು ಒರಟು, ಅವಸರದವು. ಆದರೆ ಅವುಗಳ ಸ್ಥಾನವನ್ನು ಮರೆತು ಅಳೆಯಬಾರದು. ಇವು ಹಾಳೆ ಮಗುಚುತ್ತ ನೋಡುವ ಚಿತ್ರಗಳಲ್ಲ. ಮಿಂದು ಬಂದು, ತಲೆ ಒರೆಸಿಕೊಳ್ಳುತ್ತ, ಬಟ್ಟಲು ಕೈಗೆತ್ತಿಕೊಳ್ಳುವ ಹೊತ್ತಿಗೆ ಕಣ್ಣಂಚಿಗೆ ಬೀಳಲಿ ಎಂದು ಬರೆದವು. ಆಟ, ಪಟ್ಟು, ಓಟ. ಬಿಡುವಿನ ದಿನದ ಗೋಡೆಗೆ ತಕ್ಕ ವಸ್ತು.

ಹೆನ್ರಿ ಕಸಿನ್ಸ್ 1916ರಲ್ಲಿ ಬಿಜಾಪುರದ ಕಟ್ಟಡಗಳ ಬಗ್ಗೆ ತನ್ನ ದೊಡ್ಡ ಗ್ರಂಥ ಪ್ರಕಟಿಸಿದಾಗ ಕುಮಟಗಿಗೂ ಜಾಗ ಕೊಟ್ಟ. ನಮ್ಮ ಬಹಳಷ್ಟು ತಿಳಿವಳಿಕೆ ಇಂದಿಗೂ ಅಲ್ಲಿಂದಲೇ ಬಂದದ್ದು, ಇದು ಅವನ ಹೆಚ್ಚುಗಾರಿಕೆ. ನೂರು ವರ್ಷದ ಮೇಲೂ ನಾವು ಅವನ ಪುಟಗಳನ್ನೇ ತಿರುಗಿಸುತ್ತಿದ್ದೇವೆ, ಇದು ನಮ್ಮದು.

ಹಾಳುಬಿದ್ದ ವೈಭವವನ್ನು ಮೆಚ್ಚುವುದರಲ್ಲಿ ಒಂದು ಸೋಗು ಇದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀರು ತಾನಾಗಿ ಗೋಪುರ ಹತ್ತುವುದಿಲ್ಲ. ಆ ಕಾಲಕ್ಕೆ ನೀರೆತ್ತಲು ಇದ್ದದ್ದು ಎತ್ತು, ಹಗ್ಗ, ತೊಗಲ ಚೀಲ, ಮತ್ತು ಎತ್ತಿನ ಹಿಂದೆ ನಡೆಯುವ ಮನುಷ್ಯ. ದೊರೆಯ ತಲೆಯ ಮೇಲೆ ಒಂದು ಗಳಿಗೆ ಮಳೆ ಸುರಿಯಬೇಕಾದರೆ ಹೊರಗೆ ಬಿಸಿಲಲ್ಲಿ ಎಷ್ಟು ಸಲ ಕಪಿಲೆ ಇಳಿದು ಏರಿರಬೇಕು? ಕುಮಟಗಿಯ ಶಿಲ್ಪಿಯ ಜಾಣತನದ ಒಂದು ಪಾಲು, ಆ ದುಡಿಮೆ ಮಂಟಪದೊಳಗಿನವರಿಗೆ ಕಾಣದಂತೆ ಮಾಡಿದ್ದರಲ್ಲೂ ಇದೆ. ಕೊಳವೆ ಗೋಡೆಯೊಳಗೆ, ಎತ್ತು ಗೋಡೆಯಾಚೆ. ಒಳಗಿದ್ದವರಿಗೆ ಮಳೆ ಬಂತು, ಅಷ್ಟೆ. ಈ ಮರೆಮಾಚುವಿಕೆಯನ್ನೂ ಸೇರಿಸಿಯೇ ನಾನು ಇದನ್ನು ಒಳ್ಳೆಯ ಕಟ್ಟಡ ಎನ್ನುತ್ತಿರುವುದು. ವಿಹಾರಧಾಮಗಳೆಲ್ಲ ಹೀಗೇ. ಇಂದಿನ ರೆಸಾರ್ಟಿನಲ್ಲೂ ಅಡುಗೆಮನೆಯ ಬಾಗಿಲು ಹಿಂಬದಿಗೇ ಇರುತ್ತದೆ.

ಕುಮಟಗಿಗೆ ಎದುರಾಗಿ ನವರಸಪುರವನ್ನು ಇಟ್ಟು ನೋಡಬೇಕು. ವಿಜಯಪುರದ ಪಶ್ಚಿಮಕ್ಕೆ ತೊರವಿಯ ಬಳಿ ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ಕಟ್ಟಿಸಲು ತೊಡಗಿದ ಹೊಸ ಪಟ್ಟಣ ಅದು. ಕುಮಾರ ವಾಲ್ಮೀಕಿ ರಾಮಾಯಣ ಬರೆದ ತೊರವೆಯೂ ಇದೇ. ನರಸಿಂಹನ ಗುಡಿ ಈಗಲೂ ಇದೆ. ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ, ಜಗದ್ಗುರು ಎನ್ನಿಸಿಕೊಂಡ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ ದೊರೆಗೆ ರಾಜಧಾನಿಯೂ ಒಂದು ರಾಗದಂತಿರಬೇಕಿತ್ತು. ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್ ಈ ಸೀಮೆಯ ಬಜಾರಿನ ಝಗಮಗವನ್ನು, ಅತ್ತರು-ಒಡವೆ-ಮದ್ಯದ ಅಂಗಡಿಗಳ ಸಾಲನ್ನು ಬಾಯಿ ಬಿಟ್ಟುಕೊಂಡು ನೋಡಿ ಬರೆದಿಟ್ಟ. ಹೋಗುವಾಗ ಇಲ್ಲಿಂದ ತಂಬಾಕು ಒಯ್ದು ಅಕ್ಬರನಿಗೆ ರುಚಿ ತೋರಿಸಿದವನೂ ಅವನೇ. ಮೊಗಲ ದರಬಾರಿಗೆ ಹೊಗೆಬತ್ತಿ ಹತ್ತಿಸಿದ ಕೀರ್ತಿ ಬಿಜಾಪುರದ್ದು. ಕಾರ್ನೆಲಿಸ್ ಹೇಡಾ ಎಂಬ ಡಚ್ ಚಿತ್ರಕಾರ ಬಂದು ನವರಸಪುರದಲ್ಲೇ ನೆಲೆಸಿ ಇಲ್ಲೇ ತೀರಿಕೊಂಡ. ಆ ಪಟ್ಟಣ 25 ವರ್ಷವಷ್ಟೇ ಉಸಿರಾಡಿತು. 1624ರಲ್ಲಿ ಮಲಿಕ್ ಅಂಬರನ ಸೇನೆ ಬಂದು ಸೂರೆ ಮಾಡಿತು. ಉಳಿದದ್ದು ಸಂಗೀತ ಮಹಲಿನ ದೈತ್ಯ ಕಮಾನು ಮತ್ತು ಮುಗಿಯದ ಕೋಟೆಗೋಡೆಯ ತುಂಡುಗಳು.

ಸಂಗೀತ ಮಹಲಿನ ಮುಂದೆ ನಿಂತರೆ ಮೈ ಜುಮ್ಮೆನ್ನುವುದು ನಿಜ. ಆ ನಡುಗಮಾನಿನ ಅಗಲ ಕಣ್ಣಿಗೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಫೋಟೊಕ್ಕೆ ಹೇಳಿ ಮಾಡಿಸಿದ್ದು, ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಗಳಿಗೂ ಅದು ಗೊತ್ತು. ನವರಸಪುರದ ಹೆಸರಲ್ಲಿ ಸರ್ಕಾರ ಉತ್ಸವ ಮಾಡುವುದೂ, ಹಲವು ವರ್ಷ ಮಾಡದೆ ಬಿಡುವುದೂ ಉಂಟು. ಆದರೆ ಸಂಗೀತ ಮಹಲು ತನ್ನ ಗತ್ತನ್ನು ಹಾಳಾದ ಮೇಲೂ ಉಳಿಸಿಕೊಂಡಿದೆ. ಅದಕ್ಕೆ ನಮ್ಮ ಅನುಕಂಪ ಬೇಕಿಲ್ಲ. ಕಮಾನು ಮುರಿದರೂ ಕಮಾನೇ. ಕುಮಟಗಿ ಹಾಗಲ್ಲ, ನೀರು ನಿಂತ ದಿನವೇ ಅದು ಅರ್ಥವಾಗದ ಕಟ್ಟಡವಾಯಿತು. ಅದಕ್ಕೇ ಗೈಡುಗಳು ಅದಕ್ಕೆ ರಾಣಿಯ ಸ್ನಾನದ ಕತೆ ಅಂಟಿಸುತ್ತಾರೆ. ಏನೆಂದು ಗೊತ್ತಾಗದ ಹಳೆಯ ಕಟ್ಟಡವೆಲ್ಲ ನಮ್ಮಲ್ಲಿ ಒಂದೋ ರಾಣಿಯ ಸ್ನಾನ, ಇಲ್ಲವೇ ಗುಪ್ತ ಸುರಂಗ.

ಹಾಗಾದರೆ ಸಂರಕ್ಷಣೆ ಎಂದರೇನು? ಕುಮಟಗಿಯ ಜಲಮಂಟಪಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಪಟ್ಟಿಯಲ್ಲಿವೆ. ಬೇಲಿ ಇದೆ, ಫಲಕ ಇದೆ. ಕಲ್ಲಿಗೆ ಆಗಬೇಕಾದದ್ದು ಬಹುಪಾಲು ಆಗಿದೆ. ಆದರೆ ಕಲ್ಲು ಇಲ್ಲಿ ಪಾತ್ರೆ ಮಾತ್ರ. ಹಾಗಂತ ಮೋಟರು ಕೂರಿಸಿ ನೀರು ಬಿಟ್ಟುಬಿಡಿ ಎಂದೂ ನಾನು ಹೇಳಲಾರೆ. 400 ವರ್ಷದ ಗಾರೆಯೊಳಗೆ ಏಕಾಏಕಿ ತೇವ ಹೊಕ್ಕರೆ ಕೊಳವೆ ಒಡೆದು ಗೋಡೆ ಉಬ್ಬೀತು, ಅಳಿದುಳಿದ ಚಿತ್ರವೂ ಹೋದೀತು. ಬೇಕಾದದ್ದು ಅದಕ್ಕಿಂತ ಅಗ್ಗದ ಕೆಲಸ. ಕಟ್ಟಡವನ್ನು ಲಿಂಬೆಹಣ್ಣಿನಂತೆ ಎರಡು ಹೋಳು ಮಾಡಿ ಒಳಗಿನ ಕೊಳವೆ ತೋರಿಸುವ ಒಂದು ನಕ್ಷೆ. ಬಾಗಿಲ ಬಳಿ, ನಿಜವಾಗಿ ನೀರು ಸುರಿಸುವ ಒಂದು ಪುಟ್ಟ ಮಾದರಿ, ಶಾಲೆಯ ಮಕ್ಕಳು ಕೊಡದಲ್ಲಿ ನೀರು ಹೊತ್ತು ತೊಟ್ಟಿಗೆ ಸುರಿದರೆ ಕೆಳಗೆ ಮಳೆಯಾಗುವಂಥದ್ದು. ನೀರು ಹೊತ್ತವನಿಗೆ ಕಪಿಲೆಯ ಲೆಕ್ಕ ತಾನಾಗಿ ತಿಳಿಯುತ್ತದೆ. ವಿಜಯಪುರದಲ್ಲೇ ಕಳೆದ ದಶಕದಲ್ಲಿ ಹಳೆಯ ಬಾವಡಿಗಳ ಹೂಳೆತ್ತಿ ನೀರು ಮೇಲೆ ಬರುವ ಹಾಗೆ ಮಾಡಿದರು. ಜನ ಬಂದು ಇಣುಕಿ ನೋಡಿದರು, ತಾಜ್ ಬಾವಡಿ ಏನೆಂದು ಆ ಹೊತ್ತಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಮೂರನೇ ಸಲ ಹೋದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಜಲಮಂಟಪದ ಕಟ್ಟೆಯ ನೆರಳಲ್ಲಿ ಕಾವಲುಗಾರ ಬುತ್ತಿ ಬಿಚ್ಚಿದ್ದ: ಜೋಳದ ರೊಟ್ಟಿ, ಶೇಂಗಾ ಹಿಂಡಿ. “ಬರ್ರಿ, ಒಂದು ರೊಟ್ಟಿ ತಿನ್ರಿ” ಎಂದ. ತಿಂದೆ. ಒಂದಿಷ್ಟು ಹೊತ್ತು ಇಬ್ಬರೂ ಮಾತಾಡಲಿಲ್ಲ. ಇದ್ದಕ್ಕಿದ್ದಂತೆ ಬೇಲಿಯಾಚೆ ಏನೋ ಗರಗರ ಅಂತು, ಆಮೇಲೆ ಸುಯ್ ಎಂದು ಶುರುವಾಯಿತು. ಪಕ್ಕದ ಶೇಂಗಾ ಹೊಲದಲ್ಲಿ ಸಾಲಾಗಿ ನೆಟ್ಟ ಸ್ಪ್ರಿಂಕ್ಲರುಗಳು ಒಂದೊಂದಾಗಿ ತಲೆ ತಿರುಗಿಸುತ್ತ ನೀರು ಎರಚತೊಡಗಿದ್ದವು. ಹನಿ ಬೀಳುವ ಸದ್ದು ಕಮಾನುಗಳ ಒಳಕ್ಕೆ ಬಂದು, ಅಲ್ಲೇ ಸುತ್ತಿ, ಒಣ ಚಾವಣಿಯ ಕೆಳಗೆ ತುಂಬಿಕೊಂಡಿತು. ನಾನು ಕತ್ತೆತ್ತಿದೆ.

“ತ್ರೀ ಫೇಸ್ ಬಂತ್ರಿ” ಎಂದು ಕಾವಲುಗಾರ ಬುತ್ತಿ ಕಟ್ಟಿ, ಖಾಲಿ ಬಾಟಲಿ ಹಿಡಿದು ಬೇಲಿಯ ಸಂದಿಯಿಂದ ಆ ಹೊಲದ ಕಡೆ ನಡೆದ.